ಹಕ್ಕಲು ಯಾರ ಪಾಲು? ಕ್ರೈಸ್ತ ಚಿಂತನೆಯಲ್ಲಿ ರಕ್ಷಣೆ, ಸಂಪತ್ತು ಮತ್ತು ಬಡವರು

ಸುಗ್ಗಿ ಮುಗಿದ ಹೊಲದಲ್ಲಿ ಒಡೆಯನ ಕೈತಪ್ಪಿ ಉಳಿದ ತೆನೆ, ಕಾಯಿ, ಕಾಳುಗಳಿಗೆ ಕನ್ನಡದಲ್ಲಿ ಹಕ್ಕಲು ಎಂದು ಹೆಸರು. ಧಾರವಾಡ ಸೀಮೆಯ ನವಲಗುಂದ ಮತ್ತು ಅಣ್ಣಿಗೇರಿಯ ಎರೆಹೊಲಗಳಲ್ಲಿ ಜೋಳ, ಗೋಧಿ, ಕಡಲೆ ಕಟಾವಾದ ಮೇಲೆ, ಕುಂದಗೋಳದ ಕಡೆ ಶೇಂಗಾದ ಬಳ್ಳಿ ಕಿತ್ತ ಮೇಲೆ, ಕಲಘಟಗಿಯ ಗದ್ದೆಗಳಲ್ಲಿ ಭತ್ತ ಕೊಯ್ದ ಮೇಲೆ ಸ್ವಂತ ಹೊಲವಿಲ್ಲದ ಮನೆಗಳ ಹೆಣ್ಣುಮಕ್ಕಳು ಈ ಹಕ್ಕಲನ್ನು ಆಯ್ದುಕೊಂಡು ಬರುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ಶೇಂಗಾದ ಹಕ್ಕಲಂತೂ ಕಣ್ಣಿಗೆ ಕಾಣದ ಹಕ್ಕಲು. ಬಳ್ಳಿಯಿಂದ ಕಳಚಿ ಮಣ್ಣಿನೊಳಗೇ ಉಳಿದ ಕಾಯಿಗಳನ್ನು ಕುರ್ಚಿಗಿಯ ತುದಿಯಿಂದ ಕೆದಕಿ, ಹೆಂಟೆ ಒಡೆದು, ಒಂದೊಂದಾಗಿ ಆರಿಸಿ ಸೀರೆಯ ಉಡಿಯಲ್ಲಿ ತುಂಬಿಕೊಳ್ಳಬೇಕು, ಇಡೀ ದಿನ ಬಾಗಿ ಕುಳಿತರೂ ಸಿಗುವುದು ಒಂದು ಬುಟ್ಟಿಯಷ್ಟೇ. ಹೀಗೆ ಆಯುವವರನ್ನು ಕಳ್ಳರೆಂದು ಯಾರೂ ಕರೆಯುವುದಿಲ್ಲ, ಭಿಕ್ಷುಕರೆಂದೂ ಕರೆಯುವುದಿಲ್ಲ. ಹೊಲ ಒಬ್ಬನದಾದರೂ ಅದರ ಬೆಳೆಯ ಕೊನೆಯ ಪಾಲು ಅವನದಲ್ಲ ಎಂಬ ಒಪ್ಪಂದವೊಂದು ಮಾತಿಲ್ಲದೆ ಊರಲ್ಲಿ ನೆಲೆಸಿರುತ್ತದೆ.

ಬೈಬಲನ್ನು ಕನ್ನಡಕ್ಕೆ ತಂದವರು ಹಳೆಯ ಒಡಂಬಡಿಕೆಯ ರೂತಳ ಕಥೆಗೆ ಬಂದಾಗ ಇದೇ ಹಕ್ಕಲು ಎಂಬ ಮಾತನ್ನು ಆರಿಸಿಕೊಂಡರು. ಗಂಡನನ್ನು ಕಳೆದುಕೊಂಡ ಮೋವಾಬ್ ನಾಡಿನ ರೂತಳು ತನ್ನ ಅತ್ತೆ ನೊವೊಮಿಯ ಜೊತೆ ಬೆತ್ಲೆಹೇಮಿಗೆ ಬಂದು, ಹೊಟ್ಟೆ ಹೊರೆಯಲು ಬೋವಜನ ಜವೆಗೋಧಿಯ ಹೊಲದಲ್ಲಿ ಹಕ್ಕಲಾಯುತ್ತಾಳೆ. ಧಾರವಾಡ ಸೀಮೆಯ ಓದುಗನಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ, ಆ ಹೊಲ ಅವನ ಊರಿನ ಹೊಲದಂತೆಯೇ ಇದೆ. ಆದರೆ ಆ ಹಕ್ಕಲಿನ ಹಿಂದೆ ಇರುವ ವಿಚಾರ ಆಳವಾದದ್ದು. ಕ್ರೈಸ್ತ ಧರ್ಮದಲ್ಲಿ ರಕ್ಷಣೆ ಎಂದರೇನು, ಸಂಪತ್ತು ಅದಕ್ಕೆ ಏಕೆ ಅಡ್ಡಿಯಾಗುತ್ತದೆ, ಬಡವರಿಗೆ ಕೊಡುವುದು ಪುಣ್ಯವೋ ಋಣವೋ ಎಂಬ ಪ್ರಶ್ನೆಗಳಿಗೆಲ್ಲ ಉತ್ತರದ ಎಳೆ ಈ ಹಕ್ಕಲಿನಲ್ಲೇ ಸಿಗುತ್ತದೆ.

ಅಂಚು ಬಿಟ್ಟು ಕೊಯ್ಯುವ ನಿಯಮ

ರೂತಳು ಹಕ್ಕಲಾಯ್ದದ್ದು ಬೋವಜನ ದಯೆಯಿಂದ ಮಾತ್ರವಲ್ಲ, ಧರ್ಮಶಾಸ್ತ್ರದ ಬಲದಿಂದ. ಯಾಜಕಕಾಂಡದ 19ನೆಯ ಅಧ್ಯಾಯವು ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬಾರದು, ಬಿದ್ದ ತೆನೆಗಳನ್ನು ತಿರುಗಿ ಆರಿಸಬಾರದು, ಅವುಗಳನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು ಎಂದು ವಿಧಿಸುತ್ತದೆ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮರೆತು ಬಂದ ಸಿವುಡನ್ನು ತರಲು ಮರಳಿ ಹೊಲಕ್ಕೆ ಹೋಗಬಾರದೆಂದೂ ಅದು ಪರದೇಶಿ, ಅನಾಥ, ವಿಧವೆಯರ ಪಾಲೆಂದೂ ಹೇಳುತ್ತದೆ. ಇಲ್ಲಿ ಒಡೆಯನು ತೆನೆಗಳನ್ನು ತಾನೇ ಕೊಯ್ದು, ಕಟ್ಟಿ, ಬಡವನ ಕೈಗೆ ನೀಡಬೇಕೆಂದು ಹೇಳಿಲ್ಲ, ಬಿಟ್ಟುಬಿಡಬೇಕೆಂದು ಹೇಳಿದೆ. ನೀಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ ಎಂಬ ಸ್ಥಿತಿಯೇ ಹುಟ್ಟದಂತೆ ಈ ನಿಯಮವು ನೋಡಿಕೊಳ್ಳುತ್ತದೆ. ಬಡವನು ತಾನೇ ಹೊಲಕ್ಕಿಳಿದು, ತನ್ನ ದುಡಿಮೆಯಿಂದಲೇ ತನ್ನ ಪಾಲನ್ನು ಆಯ್ದುಕೊಳ್ಳುತ್ತಾನೆ.

ಇದಕ್ಕೆ ಆಧಾರವಾಗಿರುವ ನಂಬಿಕೆ ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿದೆ. ಭೂಮಿ ದೇವರದು, ಜನರು ಅದರ ಮೇಲೆ ಒಕ್ಕಲಿರುವವರು ಮಾತ್ರ ಎಂಬುದು ಅಲ್ಲಿಯ ಮಾತಿನ ಸಾರ. ಐವತ್ತನೆಯ ವರ್ಷದ ಜೂಬಿಲಿ ಸಂವತ್ಸರದಲ್ಲಿ ಮಾರಿಕೊಂಡ ಭೂಮಿ ಮೂಲ ಮನೆತನಕ್ಕೆ ಮರಳಬೇಕೆಂಬ ನಿಯಮವೂ, ಏಳು ವರ್ಷಕ್ಕೊಮ್ಮೆ ಸಾಲವನ್ನು ಬಿಟ್ಟುಕೊಡಬೇಕೆಂಬ ನಿಯಮವೂ ಇದೇ ನಂಬಿಕೆಯಿಂದ ಹುಟ್ಟಿದವು. ಹೀಬ್ರೂ ಭಾಷೆಯಲ್ಲಿ ನ್ಯಾಯಕ್ಕೂ ಬಡವರಿಗೆ ನೀಡುವ ದಾನಕ್ಕೂ ಕಾಲಕ್ರಮದಲ್ಲಿ ತ್ಸೆದಾಕಾ ಎಂಬ ಒಂದೇ ಪದ ಬಳಕೆಗೆ ಬಂದದ್ದು ಆಕಸ್ಮಿಕವಲ್ಲ. ಕನ್ನಡದ ಹಳ್ಳಿಗಳಲ್ಲಿಯೂ ಇದಕ್ಕೆ ಹತ್ತಿರದ ರೂಢಿಯೊಂದಿತ್ತು. ಕಣದಲ್ಲಿ ರಾಶಿ ತೂರಿದ ಮೇಲೆ ಬಡಿಗ, ಕಮ್ಮಾರ, ಕುಂಬಾರ, ಅಗಸ ಮೊದಲಾದ ಆಯಗಾರರಿಗೆ ಅವರವರ ಪಾಲನ್ನು ಅಳೆದುಕೊಟ್ಟ ಬಳಿಕವೇ ಒಕ್ಕಲಿಗನು ಉಳಿದದ್ದನ್ನು ಮನೆಗೆ ಸಾಗಿಸುತ್ತಿದ್ದನು. ಆಯದ ವ್ಯವಸ್ಥೆಯು ಜಾತಿಯ ಕಟ್ಟಿನೊಳಗೇ ನಡೆದದ್ದು, ಅದರಲ್ಲಿ ಮೇಲು ಕೀಳಿನ ಅವಮಾನವೂ ಬೆರೆತಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೂ ರಾಶಿಯೆಲ್ಲ ಒಬ್ಬನದೇ ಅಲ್ಲ ಎಂಬ ತಿಳಿವಳಿಕೆ ಕಣದಲ್ಲಿ ಜೀವಂತವಾಗಿತ್ತು.

ರಕ್ಷಣೆ ಎಂಬ ಮಾತು

ಕ್ರೈಸ್ತರು ಬಳಸುವ ರಕ್ಷಣೆ ಎಂಬ ಪದಕ್ಕೆ ಸಾಮಾನ್ಯ ಕನ್ನಡದಲ್ಲಿ ಕಾಪಾಡುವುದು ಎಂಬಷ್ಟೇ ಅರ್ಥವಿದ್ದರೂ, ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಪದದಲ್ಲಿ ಬಿಡುಗಡೆ, ಗುಣವಾಗುವುದು, ಮತ್ತೆ ಇಡಿಯಾಗುವುದು ಎಂಬ ಅರ್ಥಗಳೂ ಸೇರಿವೆ. ಮೋಕ್ಷ ಅಥವಾ ಮುಕ್ತಿ ಎಂದಾಗ ಹುಟ್ಟುಸಾವಿನ ಸುತ್ತಿನಿಂದ ಬಿಡುಗಡೆ ಎಂಬ ಭಾವ ಭಾರತೀಯ ಓದುಗನ ಮನಸ್ಸಿಗೆ ಬರುತ್ತದೆ. ರಕ್ಷಣೆ ಎಂದಾಗ ಕ್ರೈಸ್ತನು ನೆನೆಯುವುದು ದೇವರೊಡನೆ ಮುರಿದುಹೋದ ನಂಟು ಮತ್ತೆ ಕೂಡಿಕೊಳ್ಳುವುದನ್ನು. ಆ ನಂಟನ್ನು ಮನುಷ್ಯನು ತನ್ನ ಯೋಗ್ಯತೆಯಿಂದ ಸಂಪಾದಿಸಲಾರನು, ಅದು ದೇವರ ಕೃಪೆಯಿಂದ, ಎಂದರೆ ಬೆಲೆ ಕೇಳದೆ ಕೊಟ್ಟ ಪ್ರೀತಿಯಿಂದ ಮಾತ್ರ ಸಾಧ್ಯ ಎಂಬುದು ಕ್ರೈಸ್ತ ಬೋಧನೆಯ ನಡುಗಂಬ.

ಹೀಗಿರುವಾಗ ಸಂಪತ್ತಿನ ಪ್ರಶ್ನೆ ರಕ್ಷಣೆಯ ಪ್ರಶ್ನೆಯೊಡನೆ ಹೇಗೆ ಹೆಣೆದುಕೊಂಡಿತು ಎಂಬುದಕ್ಕೆ ಲೂಕನ ಸುವಾರ್ತೆಯ 18 ಮತ್ತು 19ನೆಯ ಅಧ್ಯಾಯಗಳು ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಇಡುತ್ತವೆ. ಮೊದಲನೆಯದು ಒಬ್ಬ ಅಧಿಕಾರಿಯದು. ಚಿಕ್ಕಂದಿನಿಂದ ಎಲ್ಲ ಆಜ್ಞೆಗಳನ್ನೂ ಪಾಲಿಸಿದ ಅವನು ನಿತ್ಯಜೀವ ಪಡೆಯಲು ಏನು ಮಾಡಬೇಕೆಂದು ಕೇಳಿದಾಗ, ಇದ್ದದ್ದೆಲ್ಲವನ್ನೂ ಮಾರಿ ಬಡವರಿಗೆ ಹಂಚಿ ತನ್ನ ಹಿಂದೆ ಬರಬೇಕೆಂದು ಯೇಸು ಹೇಳುತ್ತಾನೆ, ಅವನು ಬಹಳ ಐಶ್ವರ್ಯವಂತನಾದ್ದರಿಂದ ದುಃಖಪಡುತ್ತಾನೆ. ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವ ಪ್ರಸಿದ್ಧ ಹೋಲಿಕೆ ಬರುವುದು ಇಲ್ಲಿಯೇ. ಹಾಗಾದರೆ ಯಾರಿಗೆ ರಕ್ಷಣೆ ಸಾಧ್ಯ ಎಂದು ಕೇಳಿದವರಿಗೆ, ಮನುಷ್ಯರಿಂದ ಆಗದ್ದು ದೇವರಿಂದ ಆಗುತ್ತದೆ ಎಂಬ ಉತ್ತರ ಸಿಗುತ್ತದೆ. ಎರಡನೆಯದು ಯೆರಿಕೋ ಊರಿನ ಜಕ್ಕಾಯನದು. ಅವನು ಸುಂಕ ವಸೂಲಿ ಮಾಡುವವರ ಮುಖ್ಯಸ್ಥ, ಅನ್ಯಾಯದಿಂದ ಹಣ ಮಾಡಿದವನೆಂದು ಊರವರು ದೂರವಿಟ್ಟವನು. ಮರ ಹತ್ತಿ ಕುಳಿತಿದ್ದ ಅವನನ್ನು ಕರೆದು ಅವನ ಮನೆಯಲ್ಲಿಯೇ ಇಳಿದುಕೊಳ್ಳುವೆನೆಂದು ಯೇಸು ಹೇಳಿದಾಗ, ಜಕ್ಕಾಯನು ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದೂ ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂತಿರುಗಿಸುವೆನೆಂದೂ ಮಾತು ಕೊಡುತ್ತಾನೆ. ಈ ಹೊತ್ತು ಈ ಮನೆಗೆ ರಕ್ಷಣೆ ಬಂತೆಂದು ಯೇಸು ಸಾರುತ್ತಾನೆ.

ಈ ಎರಡು ಚಿತ್ರಗಳಲ್ಲಿ ಗಮನಿಸಬೇಕಾದದ್ದು ಘಟನೆಗಳ ಅನುಕ್ರಮ. ಜಕ್ಕಾಯನು ಕೊಟ್ಟದ್ದರಿಂದ ಯೇಸು ಅವನ ಮನೆಗೆ ಬರಲಿಲ್ಲ, ಬಂದದ್ದರಿಂದ ಅವನು ಕೊಟ್ಟನು. ದಾನವು ರಕ್ಷಣೆಯ ಬೆಲೆಯಲ್ಲ, ರಕ್ಷಣೆ ಬಂದಿದೆ ಎಂಬುದಕ್ಕೆ ಕುರುಹು. ಇನ್ನೂ ಒಂದು ಸೂಕ್ಷ್ಮವಿದೆ. ಜಕ್ಕಾಯನ ಮಾತಿನಲ್ಲಿ ಬಡವರಿಗೆ ಕೊಡುವ ಅರ್ಧ ಬೇರೆ, ಮೋಸಹೋದವರಿಗೆ ಹಿಂತಿರುಗಿಸುವ ನಾಲ್ಕರಷ್ಟು ಬೇರೆ. ಕದ್ದ ಕುರಿಗೆ ನಾಲ್ಕು ಕುರಿಗಳನ್ನು ತೆರಬೇಕೆಂಬ ವಿಮೋಚನಕಾಂಡದ ಶಿಕ್ಷೆಯನ್ನು ಅವನು ತನಗೆ ತಾನೇ ವಿಧಿಸಿಕೊಳ್ಳುತ್ತಾನೆ. ಅನ್ಯಾಯದ ಗಳಿಕೆಯಲ್ಲಿ ಒಂದಿಷ್ಟನ್ನು ದಾನ ಮಾಡಿ ಮನಸ್ಸನ್ನು ಹಗುರ ಮಾಡಿಕೊಳ್ಳುವ ದಾರಿಯನ್ನು ಈ ಕಥೆ ಮುಚ್ಚುತ್ತದೆ, ಸಾಲದ ಬಡ್ಡಿಯಲ್ಲಿ, ತೂಕದ ಮೋಸದಲ್ಲಿ, ಕೂಲಿಯ ಕಡಿತದಲ್ಲಿ ಬಂದ ಹಣವು ಮೊದಲು ಅದರ ವಾರಸುದಾರರಿಗೆ ಮರಳಬೇಕು, ಔದಾರ್ಯದ ಮಾತು ಆಮೇಲಿನದು.

ಕಣಜ ಕಟ್ಟುವವರಿಗೆ ಬೆಸಿಲನ ಪ್ರಶ್ನೆ

ಮೊದಲ ಶತಮಾನಗಳ ಕ್ರೈಸ್ತ ಗುರುಗಳು ಈ ಬೋಧನೆಯನ್ನು ಎರಡು ಬಗೆಯಲ್ಲಿ ವಿವರಿಸಿದರು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿದ್ದ ಕ್ಲೆಮೆಂಟ್, ಯಾವ ಐಶ್ವರ್ಯವಂತನು ರಕ್ಷಣೆ ಹೊಂದುವನು ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಸಿ ಒಂದು ಪ್ರವಚನ ಬರೆದನು. ಹಣವನ್ನು ಎಸೆದ ಮಾತ್ರಕ್ಕೆ ಆಸೆ ಹೋಗುವುದಿಲ್ಲ, ಆಸೆ ಹೋದವನ ಕೈಯಲ್ಲಿ ಹಣವು ಒಳ್ಳೆಯ ಉಪಕರಣವಾಗುತ್ತದೆ, ಎಲ್ಲರೂ ಬರಿಗೈಯಾದರೆ ಹಸಿದವನಿಗೆ ಉಣ್ಣಿಸುವವರು ಯಾರು ಎಂಬುದು ಅವನ ವಾದ. ಇದು ಗೃಹಸ್ಥರಿಗೆ ಸಮಾಧಾನ ನೀಡುವ ಮಾತು, ಆದರೆ ಮನಸ್ಸಿನಲ್ಲಿ ವೈರಾಗ್ಯವಿದ್ದರೆ ಸಾಕು ಎಂದು ಹೇಳಿಕೊಂಡು ಕೈ ಬಿಗಿ ಹಿಡಿಯುವವರಿಗೆ ಒಳ್ಳೆಯ ನೆಪವೂ ಆಗಬಲ್ಲದು.

ಆ ನೆಪಕ್ಕೆ ಉತ್ತರ ಬಂದದ್ದು ಬರಗಾಲದ ನಡುವಿನಿಂದ. ಇಂದಿನ ತುರ್ಕಿ ದೇಶದ ಕಪ್ಪದೋಕ್ಯ ಸೀಮೆಯಲ್ಲಿ ಸುಮಾರು 368ರಿಂದ ಮಳೆ ಕೈಕೊಟ್ಟು ಕ್ಷಾಮ ಬಿದ್ದಾಗ, ಕೈಸರೈಯ ನಗರದ ಗುರು ಬೆಸಿಲನು ಲೂಕನ 12ನೆಯ ಅಧ್ಯಾಯದ ಸಾಮ್ಯವನ್ನು, ಎಂದರೆ ದೃಷ್ಟಾಂತ ಕಥೆಯನ್ನು, ಎತ್ತಿಕೊಂಡು ಪ್ರಸಂಗ ಮಾಡಿದನು. ಒಬ್ಬ ಸಾಹುಕಾರನ ಭೂಮಿ ಚೆನ್ನಾಗಿ ಬೆಳೆಯುತ್ತದೆ, ಅವನು ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸಿ ನಿಶ್ಚಿಂತನಾಗಲು ಬಯಸುತ್ತಾನೆ, ಅದೇ ರಾತ್ರಿ ಅವನ ಪ್ರಾಣ ಹೋಗುತ್ತದೆ. ಇದು ಯೇಸು ಹೇಳಿದ ಸಾಮ್ಯ. ಹಸಿದವರ ಹೊಟ್ಟೆಗಳೇ ಬೇಕಾದಷ್ಟು ಕಣಜಗಳಾಗಿರುವಾಗ ಹೊಸ ಕಣಜವೇಕೆ ಎಂಬ ಧಾಟಿಯಲ್ಲಿ ಬೆಸಿಲನು ಕೇಳಿದನು. ಒಬ್ಬನ ಮನೆಯಲ್ಲಿ ಕೂಡಿಟ್ಟ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆ ಬತ್ತಲೆಯಿರುವವನದು ಎಂಬುದು ಅವನ ನಿಲುವಾಗಿತ್ತು. ಅವನ ದೃಷ್ಟಿಯಲ್ಲಿ ಕೊಡದೆ ಇರುವುದು ಜಿಪುಣತನ ಮಾತ್ರವಲ್ಲ, ಒಂದು ಬಗೆಯ ಕಳವು. ನಗರದ ಹೊರಗೆ ರೋಗಿಗಳಿಗೂ ಬಡವರಿಗೂ ಆಶ್ರಯ ಕೊಡುವ ದೊಡ್ಡ ಧರ್ಮಶಾಲೆಯನ್ನು ಕಟ್ಟಿಸಿ ಅವನು ತನ್ನ ಮಾತಿಗೆ ಸಾಕ್ಷಿ ಒದಗಿಸಿದನು.

ಧಾರವಾಡ ಸೀಮೆಗೆ ಬಂದ ಸುವಾರ್ತೆ

ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್, ಹಣ ಕೊಟ್ಟು ಪಾಪದ ಶಿಕ್ಷೆಯಿಂದ ವಿನಾಯಿತಿ ಪಡೆಯಬಹುದೆಂಬ ಆಗಿನ ರೂಢಿಯನ್ನು 1517ರಲ್ಲಿ ಬಹಿರಂಗವಾಗಿ ಪ್ರಶ್ನಿಸಿ, ರಕ್ಷಣೆಯು ನಂಬಿಕೆಯಿಂದ ಮಾತ್ರ ಎಂದು ಸಾರಿದನು. ಲೂಥರನ ಪರಂಪರೆಯೊಳಗೇ ಮುಂದೆ ಹುಟ್ಟಿದ ಭಕ್ತಿಪಂಥವೊಂದು, ಒಳಗೆ ನಂಬಿಕೆಯಿದ್ದರೆ ಅದು ದಿನದಿನದ ನಡತೆಯಲ್ಲಿ, ದುಡಿಮೆಯಲ್ಲಿ, ಅನಾಥರ ಪೋಷಣೆಯಲ್ಲಿ ಹೊರಗೆ ಕಾಣಬೇಕೆಂದು ಒತ್ತಿಹೇಳಿತು. ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ರೈತರು, ಕಸುಬುದಾರರ ಮನೆಗಳಲ್ಲಿ ಈ ಪಂಥ ಬೇರೂರಿತ್ತು. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿಗೆ ಪಾದ್ರಿಗಳು ಬಂದದ್ದು ಹೆಚ್ಚಾಗಿ ಇಂಥ ಮನೆಗಳಿಂದ. ಅವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆಸಿದರು. ಕನ್ನಡ ಪತ್ರಿಕೋದ್ಯಮಕ್ಕೆ ಮೊದಲಿಟ್ಟ ಹೆರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟೆಲ್ ಇಬ್ಬರೂ ಈ ಸೀಮೆಯಲ್ಲಿ ಓಡಾಡಿದವರು.

ಬೈಬಲು ಈ ಸೀಮೆಯಲ್ಲಿ ಇಗರ್ಜಿಯ ಗೋಡೆಗಳೊಳಗೆ ಮಾತ್ರ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಅವಧೂತ, ನವಲಗುಂದದ ಅಜಾತ ನಾಗಲಿಂಗಸ್ವಾಮಿಗಳ ಮಠದಲ್ಲಿ ಬೈಬಲಿನ ಒಂದು ಪ್ರತಿಯನ್ನು ಜೋಪಾನವಾಗಿ ಇಡಲಾಗಿದ್ದು, ಅದಕ್ಕೆ ಸ್ವಾಮಿಗಳು ಕೊರೆದರೆಂಬ ರಂಧ್ರದ ಕುರಿತ ಕಥೆಯನ್ನು ಭಕ್ತರು ಇಂದಿಗೂ ಹೇಳುತ್ತಾರೆ. ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದ ಭಟ್ಟರು ಶಿಶುನಾಳದ ಷರೀಫರನ್ನು ಶಿಷ್ಯನಾಗಿ ಸ್ವೀಕರಿಸಿದ ಕಾಲವೂ ಅದೇ. ಒಂದು ಧರ್ಮದ ಮಾತು ಇನ್ನೊಂದು ಧರ್ಮದ ಅಂಗಳದಲ್ಲಿ ಕೇಳಿಸುವುದು ಈ ನೆಲಕ್ಕೆ ಹೊಸದಲ್ಲ.

ಆದರೆ ರಕ್ಷಣೆಯನ್ನು ಸಾರಲು ಬಂದ ಮಿಷನ್ನು ಬಹುಬೇಗ ಸಂಪತ್ತಿನ ಪ್ರಶ್ನೆಗೆ ಎದುರಾಗಬೇಕಾಯಿತು. ಕ್ರೈಸ್ತರಾದವರು ಮನೆ, ಕುಲ, ಕಸುಬು ಎಲ್ಲವನ್ನೂ ಕಳೆದುಕೊಂಡು ಬರುತ್ತಿದ್ದರು, ಅವರಿಗೆ ಬದುಕುವ ದಾರಿ ತೋರಿಸದೆ ಆತ್ಮದ ಮಾತು ಮಾತ್ರ ಹೇಳುವುದು ಸಾಧ್ಯವಿರಲಿಲ್ಲ. ಬೆಟಗೇರಿಯ ಸಮೀಪದ ಮಳಸಮುದ್ರದಲ್ಲಿ 1841ರ ಸುಮಾರಿಗೆ ಇಂಥವರಿಗಾಗಿ ಒಕ್ಕಲುತನದ ನೆಲೆಯೊಂದನ್ನು ಕಟ್ಟುವ ಪ್ರಯತ್ನ ನಡೆಯಿತು, ಅದು ಕೈಗೂಡಲಿಲ್ಲ. ಕರಾವಳಿಯಲ್ಲಿ ನೇಯ್ಗೆಯ ಶಾಲೆಗಳೂ, 1865ರಿಂದ ಹೆಂಚಿನ ಕಾರ್ಖಾನೆಗಳೂ ಯಶಸ್ವಿಯಾಗಿ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟವು. ಆದರೆ ಅಲ್ಲಿ ಉಪದೇಶ ಮಾಡುವ ಸಂಸ್ಥೆಯೇ ಕೂಲಿ ಕೊಡುವ ಧಣಿಯೂ ಆದಾಗ, ಆ ಸಂಸ್ಥೆಯ ಮುಂದೆ ಕೆಲಸಗಾರನ ನಂಬಿಕೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ಏಳದೆ ಇರಲಿಲ್ಲ.

ಈ ಪ್ರಶ್ನೆ ಅತ್ಯಂತ ತೀವ್ರವಾದದ್ದು ಬರಗಾಲದಲ್ಲಿ. 1876ರಿಂದ 1878ರವರೆಗೆ, ಧಾತು ಸಂವತ್ಸರದಿಂದ ಮೊದಲಾದ ಭೀಕರ ಕ್ಷಾಮವು ಧಾರವಾಡ, ಕಲಾದಗಿ, ಬಳ್ಳಾರಿ ಜಿಲ್ಲೆಗಳನ್ನೂ ಮೈಸೂರು ಸಂಸ್ಥಾನವನ್ನೂ ಬರಿದಾಗಿಸಿತು. ಮುಂಗಾರನ್ನೂ ಹಿಂಗಾರನ್ನೂ ನಂಬಿದ ಎರೆಭೂಮಿ ಬಿರುಕು ಬಿಟ್ಟು ಬಿದ್ದುಕೊಂಡಿತು. ಬ್ರಿಟಿಷ್ ಸರ್ಕಾರದ ಕ್ಷಾಮ ಪರಿಶೀಲಕನಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರದ ಕಾಮಗಾರಿಗಳಲ್ಲಿ ದುಡಿಯುವವರಿಗೆ ಕೊಡುವ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗಿಂತಲೂ ಕಡಿಮೆ ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದನು. ಹೆಚ್ಚು ಕೊಟ್ಟರೆ ಬಡವರು ಸೋಮಾರಿಗಳಾಗುವರು, ಖಜಾನೆ ಬರಿದಾಗುವುದು ಎಂಬ ಲೆಕ್ಕಾಚಾರ ಆ ನೀತಿಯ ಹಿಂದಿತ್ತು. ದುಡಿಯದವನು ಉಣ್ಣಬಾರದೆಂಬ, ಹೊಸ ಒಡಂಬಡಿಕೆಯ ಅಪೊಸ್ತಲ ಪೌಲನ ಮಾತನ್ನು ಬಡವರ ವಿರುದ್ಧ ತಿರುಗಿಸುವ ರೂಢಿ ಇಂದಿಗೂ ಇದೆ. ಆದರೆ ದುಡಿಯಲು ಮನಸ್ಸಿಲ್ಲದವನಿಗೆ ಹೇಳಿದ ಆ ಮಾತು, ದುಡಿಯಲು ಹೊಲವೂ ಮಳೆಯೂ ಇಲ್ಲದವನಿಗೆ ಹೇಗೆ ಅನ್ವಯಿಸೀತು?

ಆ ಕ್ಷಾಮದಲ್ಲಿ ಮಿಷನ್ನಿನ ನೆಲೆಗಳಲ್ಲಿ ಗಂಜಿ ಹಂಚಲಾಯಿತು, ತಂದೆತಾಯಿ ಸತ್ತ ಮಕ್ಕಳನ್ನು ಸಾಕಲಾಯಿತು, ಆ ಮಕ್ಕಳಲ್ಲಿ ಅನೇಕರು ಕ್ರೈಸ್ತರಾಗಿ ಬೆಳೆದರು. ಅನ್ನದ ಆಸೆಗೆ ಮತ ಬದಲಿಸಿದವರು ಎಂಬ ಹಳಿಮಾತು ಅವರ ಬೆನ್ನಿಗೆ ಬಹಳ ಕಾಲ ಅಂಟಿಕೊಂಡಿತು. ಈ ಹಳಿಮಾತು ಹಸಿದವರಿಗೆ ಅನ್ಯಾಯ ಮಾಡುತ್ತದೆ, ಏಕೆಂದರೆ ಸಾವಿನ ಬಾಯಿಂದ ತನ್ನನ್ನು ಎತ್ತಿಕೊಂಡ ಕೈಯನ್ನು ನಂಬುವುದು ಮಗುವಿಗೆ ಸಹಜ. ಆದರೆ ಕೊಡುವವರಿಗೆ ಇದರಲ್ಲಿ ಒಂದು ಕಠಿಣ ಪಾಠವಿದೆ. ಕೃಪೆ ಎಂದರೆ ಬೆಲೆ ಕೇಳದ ಕೊಡುಗೆ ಎಂದು ನಂಬುವ ಧರ್ಮವು ತಾನು ಕೊಡುವ ಗಂಜಿಗೂ ಬೆಲೆ ಕೇಳಬಾರದು, ನಂಬಿಕೆಯನ್ನೂ ಕೃತಜ್ಞತೆಯನ್ನೂ ಬೆಲೆಯಾಗಿ ಕೇಳಬಾರದು. ಮತ್ತಾಯನ 25ನೆಯ ಅಧ್ಯಾಯದ ನ್ಯಾಯತೀರ್ಪಿನ ಚಿತ್ರದಲ್ಲಿ ಹಸಿದವರಿಗೆ ಉಣ್ಣಿಸಿದವರಿಗೆ ತಾವು ಮಾಡಿದ್ದು ಏನೆಂಬುದೇ ತಿಳಿದಿರುವುದಿಲ್ಲ, ಯಾವಾಗ ಉಣ್ಣಿಸಿದೆವು ಎಂದು ಅವರು ಬೆರಗಾಗಿ ಕೇಳುತ್ತಾರೆ. ಲೆಕ್ಕವಿಡದೆ ಕೊಟ್ಟದ್ದೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ತಿರುಳ್ಗನ್ನಡದ ತಿರುಕ

ಈ ಪಾಠವನ್ನು ಕನ್ನಡದ ಮಣ್ಣಿನಲ್ಲೇ ಹುಡುಕಿದ ಕ್ರೈಸ್ತನೆಂದರೆ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ, ಎಂದರೆ ಕ್ರೈಸ್ತ ಸಭೆಯ ಗುರುಗಳಾಗಿ ದುಡಿದು, 1962ರಲ್ಲಿ ತೀರಿಕೊಂಡ ಅವರು ತಮ್ಮನ್ನು ತಿರುಳ್ಗನ್ನಡದ ತಿರುಕ ಎಂದು ಕರೆದುಕೊಂಡರು. ತಿರುಕ ಎಂದರೆ ಭಿಕ್ಷೆ ಬೇಡುವವನು. ಸರ್ವಜ್ಞನ ತ್ರಿಪದಿಗಳನ್ನು ಓಲೆಗರಿಗಳಿಂದಲೂ ಹಳ್ಳಿಗರ ಬಾಯಿಂದಲೂ ಕೂಡಿಸಿ, ಸುಮಾರು ಎರಡು ಸಾವಿರ ಪದ್ಯಗಳ ಸಂಗ್ರಹವನ್ನು 1924ರಲ್ಲಿ ಅವರು ಹೊರತಂದರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು. ಸುವಾರ್ತೆಯನ್ನು ಕೊಡಲು ನಿಯುಕ್ತರಾದ ಗುರುವೊಬ್ಬರು ಹಳ್ಳಿಗರ ಮುಂದೆ ಜೋಳಿಗೆ ಹಿಡಿದು ನಿಂತು, ಅವರಲ್ಲಿದ್ದ ಮಾತಿನ ಸಂಪತ್ತನ್ನು ಬೇಡಿ ಪಡೆದದ್ದು ಕೊಡುಕೊಳ್ಳುವಿಕೆಯ ಕ್ರೈಸ್ತ ಅರ್ಥಕ್ಕೆ ಒಳ್ಳೆಯ ವ್ಯಾಖ್ಯಾನದಂತಿದೆ. ಕೊಡಬಲ್ಲವನು ಮೊದಲು ತೆಗೆದುಕೊಳ್ಳಲು ಕಲಿತಿರಬೇಕು.

ಕೈಯೆತ್ತಿ ನೀಡಿದ್ದು ಮಾತ್ರ ಮನುಷ್ಯನ ಜೊತೆಗೆ ಉಳಿಯುತ್ತದೆ, ಅಡಗಿಸಿಟ್ಟದ್ದು ಕಂಡವರ ಪಾಲಾಗುತ್ತದೆ ಎಂಬ ಭಾವ ಸರ್ವಜ್ಞನಲ್ಲಿ ಮತ್ತೆ ಮತ್ತೆ ಬರುತ್ತದೆ. ಕಣಜ ಕಟ್ಟಿದ ಸಾಹುಕಾರನ ಸಾಮ್ಯವನ್ನು ಬಲ್ಲ ಪಾದ್ರಿಗೆ ಇದು ಅಪರಿಚಿತ ಎನಿಸಿರಲಾರದು. ಉತ್ತಂಗಿಯವರು ಸಂಪಾದಿಸಿದ ಇನ್ನೊಂದು ಕೃತಿ ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳದು. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ದಾಸೋಹ ನಡೆಸಿದ ದಂಪತಿಗಳೆಂದು ಶರಣ ಪರಂಪರೆಯು ಅವರನ್ನು ನೆನೆಯುತ್ತದೆ. ಕೊರಿಂಥದ ಸಭೆಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನು, ಐಶ್ವರ್ಯವಂತನಾಗಿದ್ದ ಕ್ರಿಸ್ತನು ಇತರರಿಗೋಸ್ಕರ ಬಡವನಾದನೆಂದು ಹೇಳಿ, ಅದನ್ನೇ ಔದಾರ್ಯದ ಮೂಲವಾಗಿಸುತ್ತಾನೆ. ಎರಡು ಪರಂಪರೆಗಳ ದೇವರ ಕಲ್ಪನೆ ಬೇರೆಯಾದರೂ, ಮೇಲಿದ್ದವನು ತಾನಾಗಿ ಕೆಳಗಿಳಿದು ಬಂದಾಗಲೇ ಕೊಡುಗೆಗೆ ಅರ್ಥ ಬರುತ್ತದೆ ಎಂಬಲ್ಲಿ ಅವು ಒಂದನ್ನೊಂದು ಗುರುತಿಸುತ್ತವೆ.

ಅದೇ ಪತ್ರದಲ್ಲಿ ಪೌಲನು ಯೆರೂಸಲೇಮಿನ ಬಡವರಿಗಾಗಿ ಕಾಣಿಕೆ ಎತ್ತುವ ಸಂದರ್ಭದಲ್ಲಿ, ತಾವೇ ಕಡುಬಡವರಾದ ಮಕೆದೋನ್ಯದ ಸಭೆಗಳು ಶಕ್ತಿಮೀರಿ ಕೊಟ್ಟದ್ದನ್ನು ಎತ್ತಿ ಹೇಳಿ, ಕೊಡುವುದರ ಗುರಿ ಸಮಾನತೆ ಎಂದು ವಿವರಿಸುತ್ತಾನೆ. ಅದಕ್ಕೆ ಆಧಾರವಾಗಿ ಅವನು ನೆನಪಿಸುವುದು ವಿಮೋಚನಕಾಂಡದ ಮನ್ನದ ಕಥೆಯನ್ನು. ಅರಣ್ಯದಲ್ಲಿ ದೇವರು ಸುರಿಸಿದ ಆ ಆಹಾರವನ್ನು ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ, ನಾಳೆಗೆಂದು ಇಟ್ಟುಕೊಂಡದ್ದು ಹುಳಬಿದ್ದು ನಾರಿತು. ಕನ್ನಡಿಗನಿಗೆ ಇದನ್ನು ಕೇಳಿದೊಡನೆ ಆಯ್ದಕ್ಕಿ ಮಾರಯ್ಯನ ಕಥೆ ನೆನಪಾಗುತ್ತದೆ. ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಆಸೆಯೆಂದು ಗುರುತಿಸಿ, ತಂದಲ್ಲಿಗೇ ಸುರಿದು ಬರುವಂತೆ ಹೇಳಿದಳು. ದಾಸೋಹಕ್ಕೆಂದು ತಂದ ಅಕ್ಕಿಯಾದರೂ ಹೆಚ್ಚಾದರೆ ಅದು ಸಂಗ್ರಹವೇ. ಮಾರಯ್ಯನದೂ ಒಂದು ಹಕ್ಕಲೇ ಎಂಬುದು ಇಲ್ಲಿ ಮುಖ್ಯ; ಆಯ್ದು ತಿನ್ನುವವನೂ ತನ್ನ ನಂತರ ಆಯಲು ಬರುವವನಿಗೆ ಉಳಿಸಬೇಕೆಂದು ಲಕ್ಕಮ್ಮ ಕಲಿಸುತ್ತಾಳೆ.

ದಾನ ಮತ್ತು ದಾಸೋಹ ಎಂಬ ಎರಡು ಮಾತುಗಳ ನಡುವಿನ ಅಂತರವನ್ನು ಶರಣರು ಸ್ಪಷ್ಟಪಡಿಸಿದರು. ದಾನದಲ್ಲಿ ಕೊಡುವವನು ದಾನಿಯಾಗಿ ಉಳಿಯುತ್ತಾನೆ. ದಾಸೋಹದಲ್ಲಿ ಪದದ ಅರ್ಥವೇ ಹೇಳುವಂತೆ ನಾನು ದಾಸನು ಎಂಬ ಭಾವ ಇರುತ್ತದೆ. ಹುಬ್ಬಳ್ಳಿಯ ಸಿದ್ಧಾರೂಢರ ಮಠದ ಪಂಕ್ತಿಯಲ್ಲಿ ಇಂದಿಗೂ ಯಾರು ಬಂದರೂ ಎಲೆ ಹಾಕುವುದು ಈ ಭಾವದಿಂದಲೇ. ಕೃಪೆಯಿಂದ ರಕ್ಷಣೆ ಎಂಬ ಬೋಧನೆಯನ್ನು ಧಾರವಾಡ ಸೀಮೆಯವನಿಗೆ ಬಿಡಿಸಿ ಹೇಳಬೇಕಾದರೆ ದಾಸೋಹಕ್ಕಿಂತ ಒಳ್ಳೆಯ ಮಾತು ಸಿಗುವುದು ಕಷ್ಟ. ತಾನು ಉಂಡದ್ದೂ ಇನ್ನೊಬ್ಬನ ಪಂಕ್ತಿಯಲ್ಲಿ ಎಂದು ತಿಳಿದವನಿಗೆ, ತಾನು ಬಡಿಸುವಾಗ ಬೀಗಲು ಕಾರಣವೇ ಇರುವುದಿಲ್ಲ.

ಸುಗ್ಗಿ ಹಬ್ಬದ ಸವಾಲು

ದಕ್ಷಿಣ ಭಾರತ ಸಭೆಯ ದೇವಾಲಯಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಸುಗ್ಗಿ ಹಬ್ಬದಲ್ಲಿ ಈ ವಿಚಾರ ಕಣ್ಣಿಗೆ ಕಾಣುವ ರೂಪ ತಾಳುತ್ತದೆ. ಅಂದು ಜೋಳ, ಅಕ್ಕಿಯ ಚೀಲ, ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಹುಂಜ, ತಟ್ಟೆಯಲ್ಲಿ ಇಟ್ಟ ನಾಲ್ಕು ಮೊಟ್ಟೆ ಎಲ್ಲವೂ ಬಲಿಪೀಠದ ಮುಂದೆ ಬಂದು ಸೇರುತ್ತವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಸವಾಲು, ಎಂದರೆ ಹರಾಜು, ನಡೆದು, ಬಂದ ಹಣ ಸಭೆಯ ಕೆಲಸಕ್ಕೆ ಸಲ್ಲುತ್ತದೆ. ಬಡವಿಯೊಬ್ಬಳು ಒಪ್ಪಿಸಿದ ಒಂದೇ ನಿಂಬೆಹಣ್ಣು ಕೈಯಿಂದ ಕೈಗೆ ಏರುತ್ತಾ, ಪೇಟೆಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಕೂಗಿಸಿಕೊಳ್ಳುವುದು ಇಂಥ ಸವಾಲುಗಳಲ್ಲಿ ಅಪರೂಪವಲ್ಲ. ಕಾಣಿಕೆ ಪೆಟ್ಟಿಗೆಗೆ ಎರಡು ಚಿಕ್ಕ ಕಾಸು ಹಾಕಿದ ವಿಧವೆಯು ಎಲ್ಲರಿಗಿಂತ ಹೆಚ್ಚು ಹಾಕಿದಳೆಂದು ಯೇಸು ಹೇಳಿದ ಲೆಕ್ಕವನ್ನು ಆ ಅಂಗಳವು ಒಂದು ಗಳಿಗೆಯ ಮಟ್ಟಿಗಾದರೂ ಒಪ್ಪಿಕೊಳ್ಳುತ್ತದೆ. ಆದರೆ ಮಾರ್ಕನ ಸುವಾರ್ತೆಯಲ್ಲಿ ವಿಧವೆಯ ಕಥೆಗೆ ತುಸು ಮೊದಲೇ, ಉದ್ದದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಎಚ್ಚರಿಕೆಯಿದೆ. ಬಡವರ ಕಾಣಿಕೆಯನ್ನು ಕೊಂಡಾಡುವ ಯಾವ ಸಭೆಯೂ, ಯಾವ ಮಠವೂ, ಆ ಕಾಣಿಕೆಯು ಮರಳಿ ಬಡವರ ಮನೆಗೆ ಎಷ್ಟು ಹೋಯಿತೆಂದು ತನ್ನನ್ನು ತಾನು ಕೇಳಿಕೊಳ್ಳದೆ ಇರಬಾರದು.

ಇತ್ತ ಹೊಲದಲ್ಲಿ ಹಕ್ಕಲು ಕಡಿಮೆಯಾಗುತ್ತಿದೆ. ಕಟಾವು ಯಂತ್ರಗಳು ಹೊಲದ ಅಂಚಿನವರೆಗೂ ಹೋಗುತ್ತವೆ, ಆಯ ಕೇಳುವ ಆಯಗಾರರಿಲ್ಲ, ಕಣವೆಂಬುದು ಎಷ್ಟೋ ಊರುಗಳಲ್ಲಿ ಡಾಂಬರು ರಸ್ತೆಯ ಮೇಲಿನ ರಾಶಿಯಾಗಿದೆ. ಹೊಲದ ಒಡೆಯನೂ ಸುಖದಲ್ಲಿಲ್ಲ. ಒಂದು ವರ್ಷ ಬೆಣ್ಣೆಹಳ್ಳದ ನೆರೆ, ಇನ್ನೊಂದು ವರ್ಷ ಬರ, ಎರಡರ ನಡುವೆ ಸಾಲ ಎಂಬುದು ನವಲಗುಂದದ ಕಡೆಯ ರೈತನ ಪಾಡು. 1980ರಲ್ಲಿ ನರಗುಂದ ಮತ್ತು ನವಲಗುಂದದ ರೈತರು ಮಲಪ್ರಭಾ ನೀರಾವರಿಯ ಕರಭಾರದ ವಿರುದ್ಧ ಬಂಡೆದ್ದು ಗುಂಡಿಗೆ ಎದೆಯೊಡ್ಡಿದ ನೆನಪು ಇನ್ನೂ ಮಾಸಿಲ್ಲ. ಸಾಲದ ನೋವನ್ನು ಬಲ್ಲ ಈ ಜನರಿಗೆ, ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ತಪ್ಪುಗಳ ಕ್ಷಮೆಗೆ ಮತ್ತಾಯನು ಬಳಸಿದ ಗ್ರೀಕ್ ಪದದ ನೇರ ಅರ್ಥ ಸಾಲ ಎಂಬುದು ಬೇಗ ಮನಸ್ಸಿಗೆ ತಟ್ಟೀತು. ತನ್ನ ಸಾಲವನ್ನು ದೇವರು ಬಿಟ್ಟುಕೊಟ್ಟನೆಂದು ನಂಬುವವನು ತನಗೆ ಸಾಲಗಾರನಾದವನ ಕುತ್ತಿಗೆ ಹಿಡಿಯಲಾರನು. ಕ್ರೈಸ್ತ ಚಿಂತನೆಯಲ್ಲಿ ರಕ್ಷಣೆಗೂ ಔದಾರ್ಯಕ್ಕೂ ಇರುವ ನಂಟು ಇಷ್ಟು ಸರಳವಾದದ್ದು ಮತ್ತು ಇಷ್ಟು ಕಠಿಣವಾದದ್ದು.

ಆದ್ದರಿಂದ ಹಕ್ಕಲಿನ ನಿಯಮವು ಇಂದು ಹೊಲವುಳ್ಳವನಿಗೆ ಮಾತ್ರ ಹೇಳಿದ್ದಲ್ಲ. ತಿಂಗಳ ಪಗಾರದಲ್ಲಿ, ಅಂಗಡಿಯ ಗಲ್ಲೆಯಲ್ಲಿ, ಕಟ್ಟುವ ಮನೆಯ ಅಳತೆಯಲ್ಲಿ, ಮಗಳ ಮದುವೆಯ ಖರ್ಚಿನಲ್ಲಿ ಎಲ್ಲದಕ್ಕೂ ಒಂದು ಅಂಚು ಇರುತ್ತದೆ, ಆ ಅಂಚಿನವರೆಗೂ ಕೊಯ್ಯದೆ ಬಿಡಲು ಸಾಧ್ಯವಿರುತ್ತದೆ. ಬೋವಜನು ಆಳುಗಳಿಗೆ ಗುಟ್ಟಾಗಿ ಹೇಳಿದ ಮಾತು ಇಲ್ಲಿ ನೆನೆಯತಕ್ಕದ್ದು. ರೂತಳನ್ನು ಗದರಿಸಬಾರದು, ಅವಳ ಮುಂದೆ ಸಿವುಡುಗಳಿಂದ ಒಂದಿಷ್ಟು ತೆನೆಗಳನ್ನು ಬೇಕೆಂದೇ ಬೀಳಿಸುತ್ತಾ ಹೋಗಬೇಕು ಎಂದು ಅವನು ಅಪ್ಪಣೆ ಕೊಟ್ಟನು. ಬಿದ್ದದ್ದೋ ಬೀಳಿಸಿದ್ದೋ ಎಂದು ರೂತಳಿಗೆ ಗೊತ್ತಾಗಲಿಲ್ಲ. ಸಂಜೆ ಅವಳು ತಾನು ಆಯ್ದದ್ದನ್ನು ತಾನೇ ಬಡಿದು, ಜವೆಗೋಧಿಯನ್ನು ಹೊತ್ತುಕೊಂಡು ಅತ್ತೆಯ ಮನೆಗೆ ನಡೆದಳು.